ಹೊಗೆಗಿಂತ ಮುಚ್ಚಳ ಮೇಲು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯು ಮಹಾನಗರಗಳ ಡೆಂಗೀ ನಿವಾರಣಾ ಕ್ರಮಕ್ಕೆ ಚೆನ್ನಾಗಿ ಒಪ್ಪುತ್ತದೆ. ಬಡಾವಣೆಯಲ್ಲಿ ನಾಲ್ಕಾರು ಮಂದಿ ಆಸ್ಪತ್ರೆ ಸೇರಿದ ಮೇಲೆ ಹೊಗೆಯಂತ್ರ ಬರುತ್ತದೆ, ಬೀದಿ ಮಸುಕಾಗುತ್ತದೆ, ನಾಗರಿಕರಿಗೆ ಸಮಾಧಾನವಾಗುತ್ತದೆ. ಆದರೆ ಆ ಹೊಗೆಯು ಹಾರುವ ಸೊಳ್ಳೆಯನ್ನು ಕೊಲ್ಲಬಲ್ಲುದೇ ಹೊರತು ನೀರಿನಲ್ಲಿರುವ ಮರಿಗಳನ್ನಲ್ಲ. ಮನೆಯೊಳಗೆ ಮಂಚದಡಿಯಲ್ಲಿ, ಬಟ್ಟೆಗಳ ಮರೆಯಲ್ಲಿ ಕುಳಿತ ಸೊಳ್ಳೆಗೂ ಅದು ಅಷ್ಟಾಗಿ ತಟ್ಟದು.

ಡೆಂಗೀ ಮತ್ತು ಚಿಕುನ್‌ಗುನ್ಯಾ ವೈರಾಣುಗಳನ್ನು ಹೊತ್ತು ತರುವ ಈಡಿಸ್ ಈಜಿಪ್ಟೈ ಸೊಳ್ಳೆಯು ಚರಂಡಿಯದಲ್ಲ, ಮನೆಯದು. ನಿಂತ ತಿಳಿನೀರೇ ಅದಕ್ಕೆ ಪ್ರಿಯ. ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ಪಾತ್ರೆಯ ಒಳಬದಿಗೆ ಅದು ಅಂಟಿಸುವ ತತ್ತಿಗಳು ನೀರಿಲ್ಲದೆಯೂ ಹಲವು ತಿಂಗಳು ಜೀವ ಹಿಡಿದಿರುತ್ತವೆ. ಆದುದರಿಂದ ನೀರು ಚೆಲ್ಲಿದರೆ ಸಾಲದು, ಪಾತ್ರೆಯನ್ನು ತಿಕ್ಕಿ ತೊಳೆಯಬೇಕು. ಬೆಚ್ಚನೆಯ ದಿನಗಳಲ್ಲಿ ತತ್ತಿಯು ಸೊಳ್ಳೆಯಾಗಲು 8-10 ದಿನ ಸಾಕು; ಎಂತಲೇ ಈ ಕೆಲಸ ವಾರಕ್ಕೊಮ್ಮೆ ನಡೆಯಲೇಬೇಕು.

ಹವಾಮಾನದ ಬದಲಾವಣೆಯು ಈ ಲೆಕ್ಕವನ್ನು ಇನ್ನಷ್ಟು ಬಿಗಿಗೊಳಿಸಿದೆ. ರೋಗಿಯ ರಕ್ತ ಹೀರಿದ ಸೊಳ್ಳೆಯು ಕೂಡಲೇ ರೋಗ ಹರಡಲಾರದು. ವೈರಾಣು ಅದರ ದೇಹದಲ್ಲಿ ವೃದ್ಧಿಯಾಗಲು ಸಾಮಾನ್ಯವಾಗಿ 8ರಿಂದ 12 ದಿನ ಬೇಕು. ಉಷ್ಣತೆ ಏರಿದಂತೆ, ಒಂದು ಮಿತಿಯವರೆಗೆ, ಈ ಅವಧಿ ಕುಗ್ಗುತ್ತದೆ. ಕೆಲವೇ ವಾರ ಬದುಕುವ ಜೀವಿಗೆ ಎರಡು ಮೂರು ದಿನಗಳ ಉಳಿತಾಯವೂ ದೊಡ್ಡ ಲಾಭ. ಅಕಾಲದಲ್ಲಿ ಮಳೆ ಸುರಿದರೆ ತಾರಸಿಯಲ್ಲಿ ನೀರು ನಿಲ್ಲುತ್ತದೆ; ಮಳೆ ತಪ್ಪಿದರೆ ಡ್ರಮ್ಮುಗಳಲ್ಲಿ ಶೇಖರವಾಗುತ್ತದೆ. ಎರಡೂ ಸೊಳ್ಳೆಗೆ ಅನುಕೂಲವೇ. ಮುಂಗಾರಿನ ಬಳಿಕ ಎಚ್ಚರವಹಿಸಿದರಾಯಿತೆಂಬ ಹಳೆಯ ಪಂಚಾಂಗವನ್ನು ಇನ್ನು ನಂಬುವಂತಿಲ್ಲ.

ಅಲಕ್ಷ್ಯದ ಬೆಲೆ ಏನೆಂಬುದನ್ನು ದೆಹಲಿಯು 1996ರಲ್ಲಿ ಕಂಡಿತು. ಆ ವರ್ಷ ಅಲ್ಲಿ 10,000ಕ್ಕೂ ಹೆಚ್ಚು ಮಂದಿ ಡೆಂಗೀಗೆ ತುತ್ತಾಗಿ, 400ಕ್ಕೂ ಹೆಚ್ಚು ಜನ ಅಸುನೀಗಿದರು. ಕರ್ನಾಟಕ ಸರಕಾರವು 2024ರಲ್ಲಿ ಡೆಂಗೀಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆ ಬೆಳೆಯಗೊಟ್ಟವರಿಗೆ ದಂಡವನ್ನೂ ಗೊತ್ತುಪಡಿಸಿತು. ದಂಡವು ಅಗತ್ಯವೇ. ಆದರೆ ದಿನಕ್ಕೆ ಒಂದೆರಡು ತಾಸು ಮಾತ್ರ ನಲ್ಲಿಯಲ್ಲಿ ನೀರು ಕಾಣುವ ಚಾಳಿನ ಗೃಹಿಣಿಯು ಡ್ರಮ್ಮು ತುಂಬದೆ ಇನ್ನೇನು ಮಾಡಿಯಾಳು? ನೀರನ್ನು ನಿಯಮಿತವಾಗಿ ಒದಗಿಸದ ಆಡಳಿತವು ದಂಡದ ರಸೀದಿಯನ್ನಷ್ಟೇ ನಿಯಮಿತವಾಗಿ ಹರಿಯುವುದು ನ್ಯಾಯವೆನಿಸದು. ಡ್ರಮ್ಮಿಗೊಂದು ಬಿಗಿಯಾದ ಮುಚ್ಚಳ ಕೊಡಿಸಿದರೆ ಹೊಗೆಗೆ ಸುರಿಯುವ ಹಣಕ್ಕಿಂತ ಹೆಚ್ಚಿನ ಫಲ ದೊರೆತೀತು.

ಹೊರನಾಡ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಬೇಸಿಗೆಯ ರಜೆಯಲ್ಲಿ ಸಂಸಾರ ಸಮೇತ ಊರಿಗೆ ಹೊರಟಾಗ ಮನೆ ತಿಂಗಳುಗಟ್ಟಲೆ ಮುಚ್ಚಿರುತ್ತದೆ. ಕೂಲರಿನ ತಳ, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಬಚ್ಚಲ ಬಕೆಟ್ಟು, ಇವೆಲ್ಲ ಬೀಗದೊಳಗೆ ಸೊಳ್ಳೆಯ ತೊಟ್ಟಿಲುಗಳಾಗುತ್ತವೆ. ತಪಾಸಣೆಯ ನೌಕರನಿಗೂ ಒಳಗೆ ಪ್ರವೇಶವಿಲ್ಲ. ರೈಲಿನ ಟಿಕೆಟ್ಟಿನಷ್ಟೇ ಜೋಪಾನವಾಗಿ ಇವುಗಳನ್ನು ಬರಿದುಮಾಡಿ, ಒರೆಸಿ, ಬೋರಲು ಹಾಕಿ ಹೊರಡುವುದು ನೆರೆಯವರಿಗೆ ಸಲ್ಲಿಸಬೇಕಾದ ಋಣ.

ಡೆಂಗೀಯ ವೈರಾಣುವನ್ನೇ ನಾಶಮಾಡುವ ನಿರ್ದಿಷ್ಟ ಔಷಧವಿಲ್ಲ. ಸಕಾಲದ ಶುಶ್ರೂಷೆಯೇ ಆಧಾರ. ವೈದ್ಯರನ್ನು ಕೇಳದೆ ಆಸ್ಪಿರಿನ್ ನುಂಗುವುದು ರಕ್ತಸ್ರಾವಕ್ಕೆ ಎಡೆಮಾಡೀತು. ಜ್ವರ ಇಳಿಯುವ ಹೊತ್ತಿನಲ್ಲೇ ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ ಕಾಣಿಸಿದರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ನಾಟಕ, ಹಬ್ಬಗಳಿಗೆ ಜನರನ್ನು ಕೂಡಿಸಬಲ್ಲ ಕನ್ನಡ ಸಂಘಗಳಿಗೆ ಭಾನುವಾರದ ಒಂದು ಗಂಟೆಯನ್ನು ಈ ಕಾರ್ಯಕ್ಕೆ ಮೀಸಲಿಡುವುದು ಕಷ್ಟವಾಗಲಾರದು. ಸೊಳ್ಳೆಗೆ ಭಾಷೆಯ, ಮಹಡಿಯ, ಅಂತಸ್ತಿನ ಭೇದವಿಲ್ಲ. ಅದನ್ನು ತಡೆಯುವ ಕೆಲಸದಲ್ಲೂ ಆ ಭೇದ ಸಲ್ಲದು.