ನಾಲ್ಕು ಡಾಲರಿಗೆ ಒಂಬತ್ತು ರೂಪಾಯಿ

ವಾಚಕರಲ್ಲಿ ಕೆಲವರು ಅಂಚೆ ಚೀಟಿ ಕೂಡಿಸುವವರಿರಬಹುದು. ಕೆಲವರು ಚಿಕ್ಕಂದಿನಲ್ಲಿ ಬೆಂಕಿಪೆಟ್ಟಿಗೆಯ ಚಿತ್ರ ಕೂಡಿಸಿದವರಿರಬಹುದು. ಕಾರಕೂನರ ಸಂಬಳಕ್ಕೆ ಒಗ್ಗುವ ಹವ್ಯಾಸಗಳೆಂದರೆ ಅಂಥವೇ. ಹೀಗಿರುವಾಗ ಸರಕಾರಿ ಕಚೇರಿಯ ಕಾರಕೂನರಾದ ನಾವು ಅಮೇರಿಕದ ಹಳೆಯ ಬೆಳ್ಳಿ ಡಾಲರುಗಳನ್ನು ಕೂಡಿಸುತ್ತೇವೆಂದರೆ, ಕೇಳಿದವರು ಮೊದಲು ನಮ್ಮ ಮುಖವನ್ನೂ ಆಮೇಲೆ ನಮ್ಮ ಮೇಜಿನ ಡ್ರಾಯರನ್ನೂ ನೋಡುತ್ತಾರೆ. ಸಂಶಯಕ್ಕೆ ಕಾರಣವಿಲ್ಲ. ಎಂಟು ವರ್ಷಗಳಲ್ಲಿ ನಾವು ಕೂಡಿಸಿದ್ದು ಏಳೇ ಏಳು ನಾಣ್ಯ. ಆದರೆ ಆ ಏಳರ ಕಥೆ ನಮ್ಮ ನಿಮ್ಮ ಮನೆಯ ದೇವರ ಪೆಟ್ಟಿಗೆಯವರೆಗೂ ಬಂದು ಮುಟ್ಟುತ್ತದೆಂಬುದನ್ನು ಈ ಸಲ ಹೇಳಬೇಕೆಂದಿದ್ದೇವೆ.

ಅಮೇರಿಕದವರು ಡಾಲರಿನ ತೂಕವನ್ನು ಕಾಯಿದೆಯಿಂದ ಗೊತ್ತುಪಡಿಸಿದ್ದು 1792ರಲ್ಲಿ. ಒಂದು ಡಾಲರಿನಲ್ಲಿ 371¼ ಗ್ರೇನು ಶುದ್ಧ ಬೆಳ್ಳಿ ಇರತಕ್ಕದ್ದೆಂದು ಅವರ ನಿರ್ಧಾರ. ಮೊದಲ ಡಾಲರುಗಳು ಅಚ್ಚಾದದ್ದು 1794ರಲ್ಲಿ, ಬರೇ 1,758. ಅವುಗಳಲ್ಲೊಂದು 2013ರ ಜನವರಿಯಲ್ಲಿ ಹರಾಜಿಗೆ ಬಂದು 1 ಕೋಟಿ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಅಂಥದಕ್ಕೆ ದೂರದಿಂದಲೇ ನಮಸ್ಕಾರ. ನಮ್ಮಂಥವರ ಕೈಗೆಟಕುವುವು ಎರಡೇ ಜಾತಿ: 1878ರಿಂದ 1904ರವರೆಗೂ, ಮತ್ತೆ 1921ರಲ್ಲೂ ಅಚ್ಚಾದ ಮಾರ್ಗನ್ ಡಾಲರು, 1921ರಿಂದ 1935ರ ನಡುವೆ ಅಚ್ಚಾದ ಪೀಸ್ ಡಾಲರು. ಮೊದಲನೆಯದನ್ನು ರೂಪಿಸಿದಾತ ಇಂಗ್ಲೆಂಡಿನಿಂದ ವಲಸೆ ಹೋದ ಜಾರ್ಜ್ ಮಾರ್ಗನ್. ಎರಡನೆಯದನ್ನು ರೂಪಿಸಿದಾತ ಇಟಲಿಯಲ್ಲಿ ಹುಟ್ಟಿದ ಆಂಟನಿ ದ ಫ್ರಾನ್ಸಿಸಿ. ಊರು ಬಿಟ್ಟು ಬಂದವರ ಕೈಕೆಲಸವೆಂದು ನಮಗೆ ಇವುಗಳ ಮೇಲೆ ಇನ್ನಷ್ಟು ಪ್ರೀತಿ.

ಮಾರ್ಗನ್ ಡಾಲರು ಹುಟ್ಟಿದ್ದು ಪೇಟೆಯ ಅಗತ್ಯದಿಂದಲ್ಲ, ಗಣಿಯವರ ಒತ್ತಾಯದಿಂದ. ನೆವಾಡಾ ಪ್ರಾಂತದಲ್ಲಿ 1859ರಲ್ಲಿ ಬೆಳ್ಳಿಯ ದೊಡ್ಡ ನಿಕ್ಷೇಪ ಸಿಕ್ಕಿತು. 1873ರ ಕಾಯಿದೆಯೊಂದು ಬೆಳ್ಳಿ ಡಾಲರನ್ನು ಅಚ್ಚು ಹಾಕುವುದನ್ನೇ ನಿಲ್ಲಿಸಿಬಿಟ್ಟಿತು. ಬೆಳ್ಳಿಯ ಬೆಲೆ ಇಳಿಯತೊಡಗಿದಾಗ ಗಣಿಯ ಧಣಿಗಳೂ ಸಾಲಗಾರ ರೈತರೂ ಗದ್ದಲವೆಬ್ಬಿಸಿದರು. ಕೊನೆಗೆ 1878ರಲ್ಲಿ, ಸರಕಾರ ತಿಂಗಳು ತಿಂಗಳಿಗೆ 20ರಿಂದ 40 ಲಕ್ಷ ಡಾಲರಿನ ಬೆಳ್ಳಿ ಕೊಂಡು ನಾಣ್ಯ ಮಾಡಬೇಕೆಂದು ಕಾಯಿದೆಯಾಯಿತು. 1904ರ ಹೊತ್ತಿಗೆ ಸುಮಾರು 57 ಕೋಟಿ ನಾಣ್ಯಗಳಾದವು. ಆದರೆ ಎರಡೂ ಕಾಲು ತೊಲೆಗೂ ಭಾರವಾದ ನಾಣ್ಯವನ್ನು ಜೇಬಿನಲ್ಲಿ ಹೊತ್ತು ತಿರುಗುವವರಾರು? ಜನ ಕಾಗದದ ನೋಟನ್ನೇ ಮೆಚ್ಚಿದರು. ನಾಣ್ಯಗಳು ಸಾವಿರದ ಒಂದೊಂದು ಚೀಲವಾಗಿ ಖಜಾನೆಯ ನೆಲಮಾಳಿಗೆಯಲ್ಲಿ ಮಲಗಿದವು.

ಆ ನಿದ್ರೆಯಿಂದ ಅವುಗಳನ್ನು ಎಬ್ಬಿಸಿದ್ದು ನಮ್ಮ ದೇಶದ ಅಡಚಣೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿಂದ ದವಸ, ಸೆಣಬು, ಸಿಪಾಯಿಗಳು ಎಲ್ಲ ಹೊರಗೆ ಹೋದವು. ಅದಕ್ಕೆ ಬದಲಾಗಿ ಬರಬೇಕಾದ ಬೆಳ್ಳಿ ಬರಲಿಲ್ಲ. 1917ರ ನವೆಂಬರಿನಲ್ಲಿ ಸರಕಾರ ಒಂದು ರೂಪಾಯಿಯ ನೋಟು ಹೊರಡಿಸಿತು. ಮರು ಜನವರಿಯಲ್ಲಿ ಎರಡೂವರೆ ರೂಪಾಯಿಯ ನೋಟೂ ಬಂತು. ಜನ ಕಾಗದವನ್ನು ನಂಬಲಿಲ್ಲ. ನೋಟು ಕೊಟ್ಟು ಬೆಳ್ಳಿಯ ರೂಪಾಯಿ ಕೇಳುವವರ ಸಂಖ್ಯೆ ಹೆಚ್ಚಿತು. ಖಜಾನೆಯ ಬೆಳ್ಳಿ ಬರಿದಾಗುತ್ತ ಬಂತು. ಕೇಳಿದವರಿಗೆ ರೂಪಾಯಿ ಕೊಡಲಾಗದೆಹೋದರೆ ನೋಟಿನ ಮಾನವೂ ಸರಕಾರದ ಮಾನವೂ ಒಟ್ಟಿಗೇ ಹೋಗುತ್ತಿದ್ದವು. ಆಗ ಬ್ರಿಟಿಷರು ಅಮೇರಿಕದ ಮೊರೆಹೊಕ್ಕರು. 1918ರ ಏಪ್ರಿಲ್ 23ರಂದು ಅಲ್ಲಿ ಪಿಟ್‌ಮನ್ ಕಾಯಿದೆ ಜಾರಿಗೆ ಬಂತು. ಅದರಂತೆ 27,02,32,722 ಬೆಳ್ಳಿ ಡಾಲರುಗಳನ್ನು ಕರಗಿಸಿದರು. ಸುಮಾರು 25 ಕೋಟಿ 90 ಲಕ್ಷ ಡಾಲರುಗಳ ಬೆಳ್ಳಿ ಬ್ರಿಟಿಷ್ ಸರಕಾರಕ್ಕೆ ಮಾರಾಟವಾಗಿ, ಹಡಗು ಹತ್ತಿ, ಹಿಂದುಸ್ಥಾನಕ್ಕೆ ಬಂದು, ಇಲ್ಲಿಯ ಟಂಕಸಾಲೆಗಳಲ್ಲಿ ರೂಪಾಯಿಯಾಯಿತು. ಆಗ ನಮ್ಮಲ್ಲಿದ್ದ ಟಂಕಸಾಲೆಗಳೆಂದರೆ ಕಲಕತ್ತೆಯದು ಮತ್ತು ನಮ್ಮ ಮುಂಬಯಿಯ ಕೋಟೆ ಭಾಗದ್ದು.

ಕಾರಕೂನರ ಕೈಗೆ ಅಂಕಿ ಸಿಕ್ಕರೆ ಬಿಡುವುದುಂಟೆ? ಆ ಕಾಲದ ರೂಪಾಯಿ ಒಂದು ತೊಲೆ, ಅಂದರೆ 180 ಗ್ರೇನು. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು, ಅಂದರೆ 165 ಗ್ರೇನು, ಶುದ್ಧ ಬೆಳ್ಳಿ. ಡಾಲರಿನದು 371¼. ಭಾಗಿಸಿ ನೋಡಿದರೆ ಶೇಷವೇ ಇಲ್ಲದೆ ಎರಡೂ ಕಾಲು! ನಾಲ್ಕು ಡಾಲರು ಕರಗಿಸಿದರೆ ಸರಿಯಾಗಿ ಒಂಬತ್ತು ರೂಪಾಯಿಯ ಬೆಳ್ಳಿ. ಈ ಲೆಕ್ಕದಿಂದ ಆ ಡಾಲರುಗಳು ಸುಮಾರು 58 ಕೋಟಿ ರೂಪಾಯಿಗೆ ಸಾಕಾಗುವಷ್ಟು ಬೆಳ್ಳಿ ತಂದವು. ನಮ್ಮ ಅಜ್ಜ ಮುತ್ತಜ್ಜಂದಿರು ಎಣಿಸಿಕೊಂಡ ಸಂಬಳದಲ್ಲಿ, ಮದುವೆಯಲ್ಲಿ ತಟ್ಟೆಗೆ ಹಾಕಿದ ಮುಯ್ಯಿಯಲ್ಲಿ ಅಮೇರಿಕದ ಬೆಳ್ಳಿಯ ಪಾಲೂ ಇದ್ದಿರಬೇಕು.

ಈ ಕರಗುವಿಕೆಯೇ ಡಾಲರು ಸಂಗ್ರಾಹಕರ ಪಾಲಿನ ದೊಡ್ಡ ಒಗಟು. ಯಾವ ಇಸವಿಯವು ಎಷ್ಟು ಕರಗಿದವೆಂದು ಯಾರೂ ಬರೆದಿಡಲಿಲ್ಲ. ಆದ್ದರಿಂದ ಎಷ್ಟು ಅಚ್ಚಾದವೆಂದು ಪುಸ್ತಕದಲ್ಲಿ ಓದಿದರೆ ಸಾಲದು, ಎಷ್ಟು ಉಳಿದವೆಂಬುದೇ ಮುಖ್ಯ. 1903ರಲ್ಲಿ ನ್ಯೂ ಆರ್ಲಿಯನ್ಸ್ ಟಂಕಸಾಲೆ 44 ಲಕ್ಷಕ್ಕೂ ಮೇಲೆ ಡಾಲರು ಅಚ್ಚು ಹಾಕಿತ್ತು. ಎಲ್ಲ ಕರಗಿಹೋಗಿರಬೇಕೆಂದು ಜನ ನಂಬಿದ್ದರಿಂದ ಬಳಕೆಯಾಗದ ಒಂದೊಂದಕ್ಕೆ 1,500 ಡಾಲರಿನವರೆಗೂ ಬೆಲೆ ಹೇಳುತ್ತಿದ್ದರು. 1962ರ ಕೊನೆಯಲ್ಲಿ ಖಜಾನೆಯ ಚೀಲಗಳನ್ನು ಬಿಚ್ಚಿದರೆ ಅವು ರಾಶಿ ರಾಶಿಯಾಗಿ ಹೊರಬಂದವು! ಬೆಲೆ ಹತ್ತಾರು ಡಾಲರಿಗೆ ಇಳಿಯಿತು. ಬೆಲೆಯನ್ನೇ ನಂಬಿ ಕೊಂಡಿದ್ದವರು ತಲೆಯ ಮೇಲೆ ಕೈಹೊತ್ತರು; ಚಂದಕ್ಕೆ ಕೊಂಡಿದ್ದವರ ನಾಣ್ಯ ಮಾತ್ರ ಮೊದಲಿನಷ್ಟೇ ಚಂದವಾಗಿತ್ತು. ಆ ಮೇಲೆ ಜನ ಖಜಾನೆಯ ಮುಂದೆ ಸಾಲುಗಟ್ಟಿದರು. 1964ರ ಮಾರ್ಚಿನಲ್ಲಿ ಸರಕಾರ ಡಾಲರು ಕೊಡುವುದನ್ನು ನಿಲ್ಲಿಸಿತು. ಉಳಿದಿದ್ದ ಸುಮಾರು 30 ಲಕ್ಷ ನಾಣ್ಯಗಳನ್ನು 1972ರಿಂದ 1980ರವರೆಗೆ ಹೆಚ್ಚಿನ ಬೆಲೆಗೆ ಮಾರಿತು.

ಹೊಸದಾಗಿ ಕೂಡಿಸುವವರಿಗೆ ನಾಲ್ಕು ಮಾತು. 1921ರ ಮಾರ್ಗನ್ ಡಾಲರಿನಿಂದ ಆರಂಭಿಸಿರಿ. ಕರಗಿಸಿದಷ್ಟನ್ನು ಮತ್ತೆ ಅಚ್ಚು ಹಾಕಬೇಕೆಂದು ಪಿಟ್‌ಮನ್ ಕಾಯಿದೆಯಲ್ಲಿಯೇ ಇದ್ದುದರಿಂದ ಆ ಒಂದೇ ವರ್ಷ 8 ಕೋಟಿ 60 ಲಕ್ಷಕ್ಕೂ ಹೆಚ್ಚು ಅಚ್ಚಾದವು. ಹೀಗಾಗಿ ಬೆಲೆ ಮಿತವಾಗಿರುತ್ತದೆ. ನಾಣ್ಯದ ಹಿಂಬದಿಯಲ್ಲಿ ಹದ್ದಿನ ಕೆಳಗೆ, ಎಲೆಮಾಲೆಯ ಬುಡದಲ್ಲಿ, ಸಣ್ಣ ಅಕ್ಷರವಿದೆಯೇ ನೋಡಿರಿ. ಎಸ್ ಎಂದರೆ ಸಾನ್ ಫ್ರಾನ್ಸಿಸ್ಕೊ, ಓ ಎಂದರೆ ನ್ಯೂ ಆರ್ಲಿಯನ್ಸ್, ಡಿ ಎಂದರೆ ಡೆನ್ವರ್, ಸಿಸಿ ಎಂದರೆ ಕಾರ್ಸನ್ ಸಿಟಿ. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯ. ಬಜಾರಿನ ಹಾದಿಬದಿಯಲ್ಲಿ ಅಗ್ಗಕ್ಕೆ ಸಿಗುವುವು ಬಹುಮಟ್ಟಿಗೆ ನಕಲಿ. ಒಳ್ಳೆಯ ನಾಣ್ಯ 26.73 ಗ್ರಾಂ ತೂಗಬೇಕು, 38.1 ಮಿಲಿಮೀಟರು ಅಗಲವಿರಬೇಕು, ಅಯಸ್ಕಾಂತಕ್ಕೆ ಅಂಟಬಾರದು. ತೂಗಿ ನೋಡುತ್ತೇವೆಂದಾಗ ಸಿಟ್ಟಾಗುವ ಅಂಗಡಿಯವರಿಂದ ಕೊಳ್ಳದಿರುವುದೇ ಮೇಲು. ಮನೆಗೆ ತಂದ ಮೇಲೆ ವಿಭೂತಿ, ಹಲ್ಲುಪುಡಿ ಹಾಕಿ ತಿಕ್ಕಲೇಬೇಡಿರಿ. ಥಳಥಳ ಹೊಳೆಯುತ್ತದೇನೋ ನಿಜ. ಆದರೆ ಮೇಲಿನ ಸೂಕ್ಷ್ಮ ಕೆತ್ತನೆ ಸವೆದು ಸಂಗ್ರಾಹಕರ ದೃಷ್ಟಿಯಲ್ಲಿ ಅರ್ಧ ಬೆಲೆ ಹೋಗುತ್ತದೆ.

ಇನ್ನು ಮನೆಯ ಮಾತು. ಹೋದ ವರ್ಷ ದೀಪಾವಳಿಗೆ ಮುಂಚೆ ನಮ್ಮ ಮನೆಯಾಕೆ, ತಮ್ಮ ಅಜ್ಜಿ ಕೊಟ್ಟ ಹನ್ನೊಂದು ಬೆಳ್ಳಿ ರೂಪಾಯಿಗಳನ್ನು ಪತ್ತಾರರಿಗೆ ಕೊಟ್ಟು ಒಂದು ಜೊತೆ ನೀಲಾಂಜನ ಮಾಡಿಸುವ ವಿಚಾರ ಮಾಡಿದ್ದರು. ವರ್ಷಕ್ಕೊಮ್ಮೆ ಲಕ್ಷ್ಮೀಪೂಜೆಗೆ ಹೊರಬಂದು ಮತ್ತೆ ಪೆಟ್ಟಿಗೆ ಸೇರುವ ನಾಣ್ಯಗಳವು. ನಾವು ಭೂತಗನ್ನಡಿ ಹಿಡಿದು ಕುಳಿತೆವು. ಏಳರ ಮೇಲೆ 1918 ಎಂದಿತ್ತು. ಅವುಗಳಲ್ಲಿ ನಾಲ್ಕರ ಹಿಂಬದಿಯಲ್ಲಿ ಕಮಲದ ಹೂವಿನ ಕೆಳಗೆ ಒಂದು ಸಣ್ಣ ಚುಕ್ಕೆ. ಅದು ಮುಂಬಯಿ ಟಂಕಸಾಲೆಯ ಗುರುತು. ಪಿಟ್‌ಮನ್ ಕಾಯಿದೆಯ ಕಥೆಯನ್ನೆಲ್ಲ ಹೇಳಿದೆವು. ಮನೆಯಾಕೆ ಸಮಾಧಾನದಿಂದ ಕೇಳಿ, “ಬೆಳ್ಳಿ ಯಾವ ಊರಿಂದಾದರ ಏನ್ರೀ? ಕರಗಿಸಿದ ಮ್ಯಾಲೆ ಎಲ್ಲಾ ಒಂದ ಅಲ್ಲೇನು?” ಎಂದರು.

ಮಾತು ನಿಜವೇ. 1918ರ ರೂಪಾಯಿ ಕೋಟಿಗಟ್ಟಲೆ ಅಚ್ಚಾದದ್ದು, ಅಪರೂಪದ್ದೇನೂ ಅಲ್ಲ. ಆದರೆ ಬೆಳ್ಳಿ ಪೇಟೆಯಲ್ಲಿ ಯಾವಾಗಲೂ ಸಿಗುತ್ತದೆ. ಅಜ್ಜಿ ಎಣಿಸಿ ಗಂಟು ಕಟ್ಟಿದ ನಾಣ್ಯ ಸಿಗುವುದಿಲ್ಲ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ನೀಲಾಂಜನವಾಗುವುದಿಲ್ಲವಷ್ಟೆ. ನಮ್ಮ ಏಳರಲ್ಲಿ 1921ರ ಎರಡು ಡಾಲರುಗಳನ್ನು ಮಾರಿ, ಮೇಲೆ ಒಂದಿಷ್ಟು ಕೈಯಿಂದ ಹಾಕಿ ನೀಲಾಂಜನ ತಂದೆವು. ಹನ್ನೊಂದು ರೂಪಾಯಿ ಪೆಟ್ಟಿಗೆಯಲ್ಲಿಯೇ ಉಳಿದವು. ಮನೆಯಾಕೆ ತಾವೇ ಒಂದು ಚೀಟಿಯಲ್ಲಿ ಅಜ್ಜಿಯ ಹೆಸರು, ಊರು ಬರೆದು ಅವುಗಳ ಜೊತೆಗೆ ಇಟ್ಟಿದ್ದಾರೆ. ಐದು ಡಾಲರು ಉಳಿದ ನಮಗೆ ಸಂಗ್ರಹ ಸಣ್ಣದಾಯಿತೆಂದು ಅನ್ನಿಸಿಲ್ಲ.

ವಾಚಕರೂ ಬಿಡುವು ಮಾಡಿಕೊಂಡು ಮನೆಯ ಹಳೆಯ ರೂಪಾಯಿಗಳನ್ನು ಒಮ್ಮೆ ಹೊರತೆಗೆಯಲಿ. 1939ರವರೆಗಿನವು ಹೆಚ್ಚು ಬೆಳ್ಳಿಯವು, 1940ರಿಂದ ಅರ್ಧ ಬೆಳ್ಳಿ, 1947ರದು ನಿಕ್ಕಲು. ಇಸವಿ ಓದಿ, ಕಮಲದ ಕೆಳಗೆ ಚುಕ್ಕೆ ಹುಡುಕಿ, ಅದು ಯಾರ ಕೈಯಿಂದ ಮನೆಗೆ ಬಂತೆಂದು ಹಿರಿಯರನ್ನು ಕೇಳಿ ಮಕ್ಕಳ ಕೈಯಿಂದ ಬರೆಸಿಡಲಿ. ಖರ್ಚಿಲ್ಲದ ಹವ್ಯಾಸವಿದು. ಆದರೆ ಹಿರಿಯರು ಇರುವಾಗಲೇ ಕೇಳಬೇಕು. ಅಮೇರಿಕದ ಖಜಾನೆಯವರು ಬರೆದಿಡದೆ ಕಳೆದುಕೊಂಡ ಲೆಕ್ಕವನ್ನು ನೂರು ವರ್ಷಗಳಾದರೂ ಯಾರಿಂದಲೂ ಕೂಡಿಸಲಾಗಿಲ್ಲ.