ಬೋಳುತಲೆಗೂ ಬಂತು ಪಾಸ್‌ಪೋರ್ಟು!

ಬಿಟ್ಟಂಗಾಲದವರು ಕಟಿಂಗ್ ಮಾಡಿಸಲು ವಿರಾಜಪೇಟೆಗೆ ಹೋಗುವುದು ಹಳೆಯ ಮಾತು. ಈಗ ಕೂದಲಿನ ಕೆಲಸಕ್ಕೆ ಇಸ್ತಾಂಬುಲ್‌ಗೇ ಹೋಗಬೇಕಂತೆ! ದಾರಿಯೇನೋ ಸಲೀಸಾಗಿದೆ. ಪೆರುಂಬಾಡಿ ದಾಟಿ ಮಾಕುಟ್ಟದ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ. 2018ರ ಡಿಸೆಂಬರಿನಲ್ಲಿ ಅದು ಶುರುವಾದ ಮೇಲೆ ಗಲ್ಫ್ ಅನ್ನೋದು ಪಕ್ಕದೂರಾಯಿತು. ಅಲ್ಲಿ ವಿಮಾನ ಬದಲಿಸಿದರೆ ಟರ್ಕಿ. ಹೋಟೆಲು, ಕಾರು, ದುಭಾಷಿ, ಆಪರೇಷನ್ ಎಲ್ಲಾ ಸೇರಿ ಒಂದೇ ಪ್ಯಾಕೇಜು. ಮೊಬೈಲಿನಲ್ಲಿ ತಲೆಯ ನಾಲ್ಕು ಫೋಟೋ ಕಳಿಸಿದರೆ ಸಾಕು, ‘ಬನ್ನಿ, ಆಗುತ್ತೆ’ ಅಂತ ಉತ್ತರ.

ತಕರಾರು ಇರೋದು ಇಲ್ಲೇ. ‘ಬನ್ನಿ’ ಅನ್ನೋರು ಬೇಕಾದಷ್ಟು ಜನ ಇದ್ದಾರೆ. ‘ನಿಮ್ಮ ತಲೆಗೆ ಇದು ಆಗಲ್ಲ, ದುಡ್ಡು ಕಳಕೊಳ್ಳಬೇಡಿ’ ಅನ್ನೋರು ಯಾರು?

ಹುಡುಗರನ್ನು ಬೈದು ಪ್ರಯೋಜನವಿಲ್ಲ. ತೋಟ ಇದ್ದು, ಮನೆ ಇದ್ದೂ ಹೆಣ್ಣು ಸಿಗದ ಕಾಲ. 2017ರಲ್ಲಿ ರಾಜ್ ಬಿ. ಶೆಟ್ಟರ ‘ಒಂದು ಮೊಟ್ಟೆಯ ಕಥೆ’ ಬಂದಾಗ ಬೋಳುತಲೆಯ ಕನ್ನಡ ಲೆಕ್ಚರರು ಹೆಣ್ಣು ಹುಡುಕುವ ಪಾಡು ನೋಡಿ ಜನ ನಕ್ಕಿದ್ದೇ ನಕ್ಕಿದ್ದು. ನಕ್ಕವರಲ್ಲಿ ಎಷ್ಟು ಮಂದಿ ಮನೆಗೆ ಬಂದು ಕನ್ನಡಿ ನೋಡಿಕೊಂಡರೋ! ಮದುವೆಯ ದಿನವಾದರೆ ಕೊಡವ ಹುಡುಗನಿಗೆ ಚಿಂತೆಯಿಲ್ಲ, ತಲೆಗೆ ಮಂಡೆತುಣಿ ಇರುತ್ತದೆ. ಆದರೆ ಅದಕ್ಕೆ ಮೊದಲು ಹೆಣ್ಣಿನ ಕಡೆಯವರಿಗೆ ಫೋಟೋ ಹೋಗಬೇಕಲ್ಲ? ಸಾಲದ್ದಕ್ಕೆ 2024-25ರಲ್ಲಿ ರೊಬಸ್ಟಾಕ್ಕೆ ಹಿಂದೆಂದೂ ಕಾಣದ ಬೆಲೆ ಬಂತು. ಕೈಯಲ್ಲಿ ಕಾಸು ಆಡಿದಾಗ ಕೈ ತಲೆಗೂ ಹೋಗುತ್ತದೆ.

ಹೋಗಲಿ, ತಪ್ಪಲ್ಲ. ಆದರೆ ಗಿಡ ನೆಡುವ ಮೊದಲು ಮಣ್ಣು ಪರೀಕ್ಷೆ ಮಾಡಿಸಲು ಚೆಟ್ಟಳ್ಳಿಗೆ ಓಡುವ ಬೆಳೆಗಾರ, ತನ್ನ ತಲೆಯ ವಿಚಾರದಲ್ಲಿ ಮಾತ್ರ ಫೋಟೋ ನಂಬುವುದು ಯಾವ ನ್ಯಾಯ?

ಕೂದಲು ನಾಟಿ ಅಂದರೆ ಹೊಸ ಕೂದಲು ಹುಟ್ಟಿಸುವ ಮಂತ್ರವಲ್ಲ. ತಲೆಯ ಹಿಂದಿನದನ್ನು ಕಿತ್ತು ಮುಂದೆ ನೆಡುವುದು, ಅಷ್ಟೇ. ಹಿಂದಲೆಯ ಕೂದಲನ್ನು ಎಲ್ಲಿ ನೆಟ್ಟರೂ ಅದು ತನ್ನ ಹುಟ್ಟುಗುಣ ಬಿಡುವುದಿಲ್ಲ, ಸುಲಭಕ್ಕೆ ಉದುರುವುದಿಲ್ಲ ಎಂದು 1959ರಲ್ಲಿ ಬರೆದು ತೋರಿಸಿದವರು ನ್ಯೂಯಾರ್ಕಿನ ಡಾಕ್ಟರ್ ನಾರ್ಮನ್ ಒರೆಂಟ್ರೈಚ್. ಇಡೀ ದಂಧೆ ನಿಂತಿರುವುದು ಆ ಒಂದು ಸತ್ಯದ ಮೇಲೆ. ಹಿಂದಲೆಯ ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 65ರಿಂದ 85 ಬುಡ. ಒಂದೊಂದು ಬುಡದಲ್ಲಿ ಒಂದರಿಂದ ನಾಲ್ಕು ಕೂದಲು. ಕಿತ್ತ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಎಲ್ಲಾ ಕಿತ್ತರೆ ಹಿಂದಲೆಯೂ ಬೋಳು. ನರ್ಸರಿಯಲ್ಲಿ ಇರೋದೇ ಇಷ್ಟು ಗಿಡ ಅಂತಾದ ಮೇಲೆ ಎಷ್ಟು ಎಕರೆ ನೆಡಬಹುದು, ಕಾಫಿಯವರಿಗೆ ಬಿಡಿಸಿ ಹೇಳಬೇಕೆ?

ಇಪ್ಪತ್ತೆರಡರ ಹುಡುಗ ಒಬ್ಬ ಹೊರಟ ಅಂತಿಟ್ಟುಕೊಳ್ಳಿ. ಮುಂದಿನ ಕೂದಲು ಸ್ವಲ್ಪ ಹಿಂದೆ ಸರಿದಿದೆ. ಅಲ್ಲಿ ದಟ್ಟವಾಗಿ ನೆಟ್ಟು ಕಳಿಸುತ್ತಾರೆ. ಆದರೆ ಅವನ ಬೋಳು ಅಲ್ಲಿಗೆ ನಿಲ್ಲುತ್ತದೆಯೇ? ಸ್ವಂತ ಕೂದಲು ಉದುರುತ್ತಲೇ ಇರುತ್ತದೆ. ಮೂವತ್ತೈದಕ್ಕೆ ಮುಂದೆ ಒಂದು ಬೇಲಿ, ಅದರ ಹಿಂದೆ ಬಯಲು! ತುಂಬಿಸೋಣ ಅಂದರೆ ಹಿಂದಲೆ ಆಗಲೇ ಖಾಲಿ. ತಿಳಿದ ಡಾಕ್ಟರು ಇಪ್ಪತ್ತೈದರ ಒಳಗಿನವರಿಗೆ ಕತ್ತಿ ಹಿಡಿಯಲು ಹಿಂಜರಿಯುವುದು ಇದಕ್ಕೇ. ಮೊದಲು ಮಾತ್ರೆ, ಮಿನಾಕ್ಸಿಡಿಲ್ ಕೊಟ್ಟು ಉದುರುವುದು ನಿಲ್ಲುತ್ತದೆಯೋ ನೋಡುತ್ತಾರೆ. ಅಪ್ಪ, ಅಜ್ಜ, ತಾಯಿಯ ಅಣ್ಣತಮ್ಮಂದಿರ ತಲೆ ಹೇಗಿತ್ತು ಅಂತ ವಿಚಾರಿಸುತ್ತಾರೆ. ಪ್ಯಾಕೇಜಿನವರು ಸೋದರಮಾವನ ತಲೆ ಕೇಳುತ್ತಾರೆಯೇ?

ಇನ್ನು ಡೆಂಗಿ, ಟೈಫಾಯಿಡ್ ಬಂದು ಎದ್ದವರಿಗೆ ಎರಡು ಮೂರು ತಿಂಗಳ ಮೇಲೆ ರಾಶಿ ಕೂದಲು ಉದುರುವುದುಂಟು. ಬಹುಪಾಲು ಅದು ತಾನಾಗಿಯೇ ಬರುತ್ತದೆ. ಥೈರಾಯಿಡ್, ರಕ್ತಹೀನತೆ ಇದ್ದರೆ ಮೊದಲು ಅದಕ್ಕೆ ಮದ್ದು. ದುಡ್ಡಿನಗಲ ಅಲ್ಲಲ್ಲಿ ಬೋಳಾಗುವುದು ಬೇರೆಯೇ ಕಾಯಿಲೆ, ಅದು ಸಕ್ರಿಯವಾಗಿರುವಾಗ ನೆಟ್ಟರೆ ನೆಟ್ಟದ್ದೂ ಹೋದೀತು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯವರು, ಗಾಯವಾದರೆ ಚರ್ಮ ಗಂಟು ಕಟ್ಟುವವರು ಮೊದಲೇ ಬಾಯಿಬಿಡಬೇಕು.

ಹಾಗಂತ ಊರಲ್ಲಿ ಎಲ್ಲಾ ಸರಿ, ಹೊರದೇಶದ್ದೆಲ್ಲಾ ಮೋಸ ಅಂತಲ್ಲ. 2016ರಲ್ಲಿ ಚೆನ್ನೈಯಲ್ಲಿ ಕೂದಲು ನಾಟಿ ಮಾಡಿಸಿಕೊಂಡು ಸತ್ತವನು ಸ್ವತಃ ವೈದ್ಯ ವಿದ್ಯಾರ್ಥಿ! ಕಾನ್ಪುರದಲ್ಲಿ ಇಬ್ಬರು ಎಂಜಿನಿಯರುಗಳ ಸಾವಿನ ಬಗ್ಗೆ 2025ರಲ್ಲಿ ಪೊಲೀಸ್ ಕೇಸಾಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ: ಇದು ತರಬೇತಾದ ಡಾಕ್ಟರು ಮಾಡುವ ಕೆಲಸ, ಯೂಟ್ಯೂಬ್ ನೋಡಿ ಕಲಿಯುವುದಲ್ಲ. ಟರ್ಕಿಯಲ್ಲೂ ಒಳ್ಳೆಯ ಡಾಕ್ಟರಿದ್ದಾರೆ. ಆದರೆ ಡಾಕ್ಟರ ಹೆಸರಿನ ಬೋರ್ಡು ಹಾಕಿ ಟೆಕ್ನಿಷಿಯನ್ನರು ಕೊರೆಯುವ ಅಂಗಡಿಗಳೂ ಇವೆ. ಕೂದಲು ನಾಟಿ ಡಾಕ್ಟರುಗಳ ಅಂತಾರಾಷ್ಟ್ರೀಯ ಸಂಘವೇ ಇಂಥ ಕಳ್ಳ ಕ್ಲಿನಿಕ್ಕುಗಳ ವಿರುದ್ಧ ಪ್ರಚಾರಕ್ಕೆ ಇಳಿಯಬೇಕಾಯಿತು.

ಪ್ಯಾಕೇಜು ಮೂರು ನಾಲ್ಕು ದಿನದ್ದು. ಕೂದಲಿನ ಲೆಕ್ಕ ಬೇರೆ. ನೆಟ್ಟದ್ದು ಮೊದಲ ತಿಂಗಳಲ್ಲೇ ಬಹುಪಾಲು ಉದುರುತ್ತದೆ. ಮೂರು ನಾಲ್ಕು ತಿಂಗಳಿಗೆ ಮತ್ತೆ ಚಿಗುರು. ಪೂರ್ತಿ ಕಾಣಲು ಒಂದು ವರ್ಷ, ಅಂದರೆ ಈ ಹೂಮಳೆಯಿಂದ ಮುಂದಿನ ಹೂಮಳೆಗೆ. ನಡುವೆ ಕೀವಾಯಿತು, ಜ್ವರ ಬಂತು ಅಂದರೆ ನೋಡುವವರು ವಿರಾಜಪೇಟೆ ಸರ್ಕಾರಿ ಆಸ್ಪತ್ರೆಯ ಡಾಕ್ಟರೇ. ಎಷ್ಟು ಬುಡ ಕಿತ್ತರು, ಯಾವ ಮದ್ದು ಚುಚ್ಚಿದರು ಅನ್ನುವ ಚೀಟಿ ಅವರ ಕೈಗೆ ಬರುವುದು ಟರ್ಕಿ ಭಾಷೆಯಲ್ಲೋ ಏನೋ!

ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಟಿಕೆಟ್ ತೆಗೆಯುವ ಮೊದಲು ಅಲ್ಲಿ ಚರ್ಮದ ಡಾಕ್ಟರಿಗೆ ತಲೆ ತೋರಿಸಲು ಒಂದು ದಿನ ಸಾಕು. ಯೋಗ್ಯ ಅಂದರೆ ಬೆಂಗಳೂರಿನಲ್ಲೂ ಮಾಡುತ್ತಾರೆ. ಕೆಟ್ಟರೆ 2019ರ ಗ್ರಾಹಕ ಕಾಯ್ದೆಯಂತೆ ಮಡಿಕೇರಿಯಲ್ಲೇ ಕೂತು ಬೆಂಗಳೂರಿನವರ ಮೇಲೆ ದೂರು ಹಾಕಬಹುದು. ಇಸ್ತಾಂಬುಲ್‌ನವರಿಗೆ ಮಡಿಕೇರಿಯಿಂದ ನೋಟೀಸು ಹೋದರೆ ಬಂದು ನಿಲ್ಲುತ್ತಾರೆಯೇ? ಪ್ಯಾಕೇಜಿನ ಕಾಗದದಲ್ಲಿ ಹೋಟೆಲಿನ ತಿಂಡಿಯ ಹೊತ್ತು ಕೂಡ ಬರೆದಿರುತ್ತದೆ. ಕತ್ತಿ ಹಿಡಿಯುವವರ ಹೆಸರು, ರಿಜಿಸ್ಟರ್ ನಂಬರು ಎಲ್ಲಿದೆ ಅಂತ ಹುಡುಗರು ಒಮ್ಮೆ ಹುಡುಕಿ ನೋಡಲಿ.