ಯೀಸ್ಟಿಗೆ ಗಡಿಯಾರ ತಿಳಿಯದು

ರಜೆಯಲ್ಲಿ ಮನೆಯಲ್ಲೇ ಬ್ರೆಡ್ ಮಾಡಲು ಹೊರಡುವ ಮಕ್ಕಳ ಮೊದಲ ಬ್ರೆಡ್ ಸಾಮಾನ್ಯವಾಗಿ ಇಟ್ಟಿಗೆಯಂತಾಗುತ್ತದೆ. ಕಾಲು ಕಿಲೋ ಮೈದಾ ದಂಡವಾಯಿತೆಂದು ತಾಯಿ ಗೊಣಗುತ್ತಾರೆ. ಪುಸ್ತಕದಲ್ಲಿರುವಂತೆಯೇ ಮಾಡಿದೆನೆಂದು ಮಗಳು ವಾದಿಸುತ್ತಾಳೆ. ಇಬ್ಬರ ಮಾತೂ ನಿಜ. ಪುಸ್ತಕ ಒಂದು ಗಂಟೆ ಉಬ್ಬಲು ಬಿಡಿ ಎನ್ನುತ್ತದೆ. ಆದರೆ ಮೇ ತಿಂಗಳ ಮಂಗಳೂರಿನ ಒಂದು ಗಂಟೆಯೂ ಡಿಸೆಂಬರಿನ ಮಡಿಕೇರಿಯ ಒಂದು ಗಂಟೆಯೂ ಯೀಸ್ಟಿನ ಪಾಲಿಗೆ ಒಂದೇ ಅಲ್ಲ.

ಅಂಗಡಿಯಲ್ಲಿ ಸಿಗುವ ಒಣ ಯೀಸ್ಟಿನ ಕಂದು ಕಾಳುಗಳು ಅಡುಗೆ ಸೋಡಾದಂಥ ರಾಸಾಯನಿಕವಲ್ಲ. ಅವುಗಳಲ್ಲಿರುವುದು ನಿದ್ದೆಹೋದ ಜೀವಿಗಳು, ಏಕಕೋಶದ ಶಿಲೀಂಧ್ರಗಳು. ನೀರು, ಬಿಸುಪು ಸಿಕ್ಕೊಡನೆ ಎಚ್ಚೆತ್ತು ಸಕ್ಕರೆ ತಿಂದು ಇಂಗಾಲದ ಡೈ ಆಕ್ಸೈಡ್ ಬಿಡುತ್ತವೆ. ಹುದುಗು ಬರುವುದು ಜೀವಿಗಳ ಕೆಲಸವೆಂದು ಫ್ರಾನ್ಸಿನ ಲೂಯಿ ಪ್ಯಾಶ್ಚರ್ 1857ರಿಂದಾಚೆಗೆ ನಡೆಸಿದ ಪ್ರಯೋಗಗಳಲ್ಲಿ ತೋರಿಸಿಕೊಟ್ಟರು. ನಮ್ಮ ಇಡ್ಲಿ ಹಿಟ್ಟಿನಲ್ಲಿ ಈ ಕೆಲಸ ಮಾಡುವವು ಮುಖ್ಯವಾಗಿ ಬ್ಯಾಕ್ಟೀರಿಯಾಗಳು. ಚಳಿಗಾಲದಲ್ಲಿ ಅಮ್ಮ ಆ ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸಿಡುತ್ತಾರಲ್ಲ, ಬ್ರೆಡ್ಡಿಗೆ ಬೇಕಾದ ಅರ್ಧ ವಿದ್ಯೆ ಅದೇ.

ಹೊಸಬರಿಗೆ 250 ಗ್ರಾಂ ಮೈದಾ ಸಾಕು. ಒಂದು ಟೀ ಚಮಚ ಒಣ ಯೀಸ್ಟ್, ಅಷ್ಟೇ ಸಕ್ಕರೆ, ಮುಕ್ಕಾಲು ಚಮಚ ಉಪ್ಪು, ಒಂದು ದೊಡ್ಡ ಚಮಚ ಎಣ್ಣೆ, ಸುಮಾರು 160 ಮಿಲಿಲೀಟರ್ ನೀರು. ನೀರು ಉಗುರುಬೆಚ್ಚಗಿರಬೇಕು, ಅಂದರೆ 35ರಿಂದ 40 ಡಿಗ್ರಿ ಸೆಲ್ಸಿಯಸ್. ಬೇಗ ಉಬ್ಬಲೆಂದು ಸುಡುನೀರು ಹಾಕುವವರುಂಟು. 60 ಡಿಗ್ರಿಯಲ್ಲಿ ಯೀಸ್ಟ್ ಸತ್ತೇಹೋಗುತ್ತದೆ. ಮೊದಲು ಯೀಸ್ಟ್, ಸಕ್ಕರೆಯನ್ನು ಈ ನೀರಿಗೆ ಹಾಕಿ ಹತ್ತು ನಿಮಿಷ ಕಾಯಬೇಕು. ಹದಿನೈದು ನಿಮಿಷವಾದರೂ ನೊರೆ ಬಾರದಿದ್ದರೆ ಅದನ್ನು ಚೆಲ್ಲಿ ಬೇರೆ ಯೀಸ್ಟ್ ತರುವುದೇ ಸರಿ. ಮೈದಾ ಉಳಿಯುತ್ತದೆ, ಮನೆಯ ಶಾಂತಿಯೂ ಉಳಿಯುತ್ತದೆ.

ಮುಂದಿನದು ನಾದುವ ಕೆಲಸ, ಕನಿಷ್ಠ ಹತ್ತು ನಿಮಿಷ. ಗೋಧಿಯ ಪ್ರೋಟೀನುಗಳು ನೀರಿನೊಡನೆ ಸೇರಿ ಗ್ಲುಟೆನ್ ಎಂಬ ರಬ್ಬರಿನಂಥ ಬಲೆಯಾಗುತ್ತವೆ. ಅನಿಲವನ್ನು ಹಿಡಿದಿಡುವುದು ಈ ಬಲೆ. ಕಣಕದ ಚೂರನ್ನು ಎಳೆದಾಗ ಹರಿಯದೆ, ಬೆಳಕು ಕಾಣುವಷ್ಟು ತೆಳುವಾದರೆ ನಾದಿದ್ದು ಸಾಕು. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಮುದ್ದೆಗೆ ಅದು ಬೇಕಾಗಿಯೂ ಇಲ್ಲ.

ಈಗ ಮುಚ್ಚಿಟ್ಟು ಕಾಯುವುದು. ಕಣಕ ಎರಡರಷ್ಟಾಗಲು ಸೆಕೆಯಲ್ಲಿ ಮುಕ್ಕಾಲು ಗಂಟೆ ಸಾಕಾಗಬಹುದು, ಚಳಿಯಲ್ಲಿ ಎರಡು ಗಂಟೆಯೂ ಬೇಕಾಗಬಹುದು. ಬಳಿಕ ಅದನ್ನು ಮೆಲ್ಲಗೆ ಅದುಮಿ, ಸುರುಳಿ ಸುತ್ತಿ, ಎಣ್ಣೆ ಸವರಿದ ಅಚ್ಚಿನಲ್ಲಿಟ್ಟು ಮತ್ತೊಮ್ಮೆ ಉಬ್ಬಲು ಬಿಡಬೇಕು. ಇಲ್ಲಿ ಬೆರಳೇ ಪರೀಕ್ಷಕ. ಮೆಲ್ಲಗೆ ಒತ್ತಿದ ಗುಳಿ ತಟ್ಟನೆ ಮುಚ್ಚಿಕೊಂಡರೆ ಇನ್ನೂ ಕಾಯಬೇಕು. ನಿಧಾನವಾಗಿ ಅರ್ಧ ಮುಚ್ಚಿಕೊಂಡರೆ ಹದವಾಗಿದೆ. ಕಣಕವೇ ಕುಸಿದರೆ ಹೊತ್ತು ಮೀರಿದೆ ಎಂದರ್ಥ.

ಮೊದಲೇ 200 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ ಅರ್ಧ ಗಂಟೆ ಬೇಯಿಸಬೇಕು. ಬಿಸಿ ಅಚ್ಚನ್ನು ಹೊರತೆಗೆಯುವಾಗ ದೊಡ್ಡವರು ಪಕ್ಕದಲ್ಲಿರಲಿ. ಬರೀ ಮೈಕ್ರೋವೇವ್ ಒಲೆಯಲ್ಲಿ ಹೊರಪದರ ಕೆಂಪಗಾಗದು. ತಳವನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ. ಆದರೂ ಕೂಡಲೇ ಚಾಕು ಹಾಕುವಂತಿಲ್ಲ, ಒಳಗಿನ ಪಿಷ್ಟ ಗಟ್ಟಿಯಾಗದೆ ಅಂಟಂಟಾಗುತ್ತದೆ. ಒಂದು ಗಂಟೆಯಾದರೂ ತಣಿಯಬೇಕು. ಆ ಪರಿಮಳದ ನಡುವೆ ತಮ್ಮ ತಂಗಿಯರನ್ನು ಅಷ್ಟು ಹೊತ್ತು ಅಡುಗೆಮನೆಯಿಂದ ಹೊರಗಿಡುವುದು ನಾದುವುದಕ್ಕಿಂತಲೂ ಕಷ್ಟ.